ಮೇಷ್ಟ್ರ ಹೊಂಡ

ನಮ್ಮೂರಿನಲ್ಲಿ ಯಾರಾದರೂ ಲೆಕ್ಕದಲ್ಲಿ ಎಡವಿದರೆ ‘ಮೇಷ್ಟ್ರ ಹೊಂಡ ಆಯಿತಲ್ಲಪ್ಪ’ ಎನ್ನುವ ಮಾತು ಈಗ ಚಾಲ್ತಿಯಲ್ಲಿದೆ. ಆ ಮೇಷ್ಟ್ರು ನಾನೇ. ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ಗಣಿತ, ವಿಜ್ಞಾನ ಹೇಳಿಕೊಟ್ಟು ನಿವೃತ್ತನಾದೆ. ದುಡ್ಡು ಕೈಗೆ ಬಂದ ಮರುವರ್ಷವೇ, 2019ರ ಮಾರ್ಚಿಯಲ್ಲಿ, ಹೊಸದುರ್ಗ ತಾಲ್ಲೂಕಿನ ನಮ್ಮ ನಾಲ್ಕೂವರೆ ಎಕರೆಯಲ್ಲಿ ಕೃಷಿಹೊಂಡ ತೆಗೆಸಿದೆ. ಉದ್ದ 21 ಮೀಟರ್, ಅಗಲ 21 ಮೀಟರ್, ಆಳ 3 ಮೀಟರ್. ಗುಣಿಸಿದರೆ 1,323 ಘನ ಮೀಟರ್. ಅಂದರೆ ಹದಿಮೂರು ಲಕ್ಷದ ಇಪ್ಪತ್ತಮೂರು ಸಾವಿರ ಲೀಟರ್. ಈ ಅಂಕಿಯನ್ನು ಹಾಲಿನ ಡೇರಿಯಲ್ಲಿ, ಮದುವೆ ಮನೆಯಲ್ಲಿ, ಬಸ್ಸಿನಲ್ಲಿ ಪಕ್ಕ ಕೂತವರಿಗೆಲ್ಲ ಹೇಳಿಕೊಂಡು ತಿರುಗಿದೆ.

ತಪ್ಪು ಹಿಡಿದದ್ದು ಜೆಸಿಬಿ ಓಡಿಸಲು ಬಂದಿದ್ದ ಯಾದಗಿರಿ ಕಡೆಯ ಹುಡುಗ. ವಯಸ್ಸು ಇಪ್ಪತ್ತೆರಡು ದಾಟಿರಲಿಕ್ಕಿಲ್ಲ. ಎರಡನೆಯ ದಿನ ಮಧ್ಯಾಹ್ನ ಹುಣಸೆಮರದ ಕೆಳಗೆ ಬುತ್ತಿ ಬಿಚ್ಚಿಕೊಂಡು ಕೂತಾಗ ನಾನು ಹದಿಮೂರು ಲಕ್ಷದ ಪುರಾಣ ತೆಗೆದೆ. ಅವನು ರೊಟ್ಟಿ ಮುರಿಯುತ್ತಲೇ, “ಇಲ್ಲ ಸರ್, ಈ ಅಳತೆಯ ಹೊಂಡ ಹತ್ತು ಲಕ್ಷಕ್ಕೂ ಒಂಚೂರು ಕಡಿಮೆ ಹಿಡಿಯುತ್ತದೆ” ಎಂದ. ನಾನು ನಕ್ಕೆ. ರಾತ್ರಿ ಮಲಗಿದ ಮೇಲೆ ನಗು ನಿಂತಿತು.

ಹೊಂಡದ ಬದಿಯನ್ನು ನೆಟ್ಟಗೆ ಇಳಿಸಿದರೆ ಮೊದಲ ಮಳೆಗೇ ಕುಸಿಯುತ್ತದೆ. ಹಾಗಾಗಿ ಒಂದು ಮೀಟರ್ ಇಳಿದಂತೆ ಒಂದು ಮೀಟರ್ ಒಳಕ್ಕೆ ಸರಿಯುವ ಓರೆ ಕೊಡುತ್ತಾರೆ. ಮೇಲೆ 21 ಇದ್ದದ್ದು ನಡುವೆ 18 ಆಗಿ, ತಳ ಮುಟ್ಟುವಾಗ 15 ಆಗಿರುತ್ತದೆ. ಎದ್ದು ದೀಪ ಹಾಕಿ, ವಿದ್ಯುತ್ ಬಿಲ್ಲಿನ ಹಿಂಬದಿಯಲ್ಲಿ ಬರೆದೆ. ಮೇಲಿನ ವಿಸ್ತೀರ್ಣ 441, ತಳದ್ದು 225, ನಡುವಿನದರ ನಾಲ್ಕು ಪಟ್ಟು 1,296. ಕೂಡಿಸಿ, ಆಳದಿಂದ ಗುಣಿಸಿ, ಆರರಿಂದ ಭಾಗಿಸಿದೆ. 981. ಒಂಬತ್ತು ಲಕ್ಷದ ಎಂಬತ್ತೊಂದು ಸಾವಿರ ಲೀಟರ್. ‘ಹತ್ತು ಲಕ್ಷಕ್ಕೂ ಒಂಚೂರು ಕಡಿಮೆ.’ ಶಂಕುವಿನ ಭಿನ್ನಕದ ಘನಫಲವನ್ನು ಎಷ್ಟು ನೂರು ಮಕ್ಕಳಿಂದ ಬಾಯಿಪಾಠ ಮಾಡಿಸಿದ್ದೆನೋ! ನನ್ನದೇ ಹೊಲಕ್ಕೆ ಬಂದಾಗ ಹೊಂಡವನ್ನು ಸಕ್ಕರೆ ಡಬ್ಬಿ ಎಂದುಕೊಂಡಿದ್ದೆ.

ಆ ಹುಡುಗನನ್ನು ಮೂರು ದಿನ ನೋಡಿದೆ. ಬೆಳಿಗ್ಗೆ ಬಂದವನು ತಕ್ಷಣ ಗಾಡಿ ಚಾಲೂ ಮಾಡುತ್ತಿರಲಿಲ್ಲ. ಗ್ರೀಸ್ ಗನ್ ಹಿಡಿದು ಬಕೆಟ್ಟಿನ ಕೀಲಿನಿಂದ ಶುರುಮಾಡಿ, ಕೈಯ ಮೊಣಕಾಲಿನಂಥ ಮಡಿಕೆ, ಬುಡದ ಗೂಟ ಹೀಗೆ ಒಂದೊಂದು ನಿಪ್ಪಲ್ಲಿಗೂ ಹಳೆಯ ಕಪ್ಪು ಗ್ರೀಸು ಹೊರಗೆ ಉಬ್ಬಿ ಬಂದು, ಹೊಸದರ ಹಳದಿ ಕಾಣುವವರೆಗೆ ಒತ್ತುತ್ತಿದ್ದ. ಆಮೇಲೆ ಎಣ್ಣೆಯ ಕಡ್ಡಿ ಎಳೆದು, ಒರೆಸಿ, ಮತ್ತೆ ಅದ್ದಿ ನೋಡುತ್ತಿದ್ದ. ಬಕೆಟ್ಟಿನ ಹಲ್ಲುಗಳನ್ನು ಸುತ್ತಿಗೆಯಿಂದ ತಟ್ಟಿ ಸದ್ದು ಕೇಳುತ್ತಿದ್ದ. ಹಲ್ಲು ಸಡಿಲವಾಗಿದ್ದರೆ ಸದ್ದು ಬೇರೆಯಂತೆ. ಇಷ್ಟಕ್ಕೆ ಅರ್ಧ ಗಂಟೆ. ಗಂಟೆ ಬಾಡಿಗೆಗೆ ಬಂದ ಗಾಡಿ, ಮೀಟರು ಓಡುವುದು ಎಂಜಿನ್ ತಿರುಗಿದ ಮೇಲೆ. ಈ ಅರ್ಧ ಗಂಟೆಗೆ ಅವನಿಗೆ ಯಾರೂ ಕೂಲಿ ಕೊಡುವುದಿಲ್ಲ. “ಗಾಡಿ ನಿನ್ನದಲ್ಲವಲ್ಲ, ಯಾಕಿಷ್ಟು?” ಎಂದು ಕೇಳಿದೆ. “ಗೂಟ ಸವೆದರೆ ಕೈ ಅಲ್ಲಾಡುತ್ತದೆ ಸರ್, ಕೆರೆದ ಕಡೆ ಮಟ್ಟ ಬರುವುದಿಲ್ಲ” ಎಂದ. ಉತ್ತರ ಅಷ್ಟೇ.

ಮುಂಚೆ ನಮ್ಮ ಕಡೆ ಮಣ್ಣಿನ ಕೆಲಸಕ್ಕೆ ವಡ್ಡರ ಮೇಳ ಬರುತ್ತಿತ್ತು. ನಾನು ಹುಡುಗನಾಗಿದ್ದಾಗ ಊರ ಗೋಕಟ್ಟೆಯ ಹೂಳು ತೆಗೆದದ್ದು ನೆನಪಿದೆ. ಅಗೆಯುವಾಗ ನಡುನಡುವೆ ಆಳೆತ್ತರದ ಮಣ್ಣಿನ ದಿಂಡುಗಳನ್ನು ಮುಟ್ಟದೆ ಬಿಡುತ್ತಿದ್ದರು. ಕೆಲಸ ಮುಗಿದ ದಿನ ಊರ ಹಿರಿಯರು ಆ ದಿಂಡುಗಳ ಎತ್ತರ ಅಳೆದು ಕೂಲಿ ಲೆಕ್ಕ ಹಾಕುತ್ತಿದ್ದರು. ಎಷ್ಟು ಅಗೆದರೆಂಬುದಕ್ಕೆ ಅಗೆಯದೆ ಬಿಟ್ಟ ಮಣ್ಣೇ ಸಾಕ್ಷಿ. ನಮಗೆ ಹುಡುಗರಿಗೆ ಆ ದಿಂಡುಗಳು ಆಟದ ಗೋಪುರ. ಈಗ ಜೆಸಿಬಿಯ ಗಂಟೆಯೇ ಸಾಕ್ಷಿ. ಮೂರು ದಿನದಲ್ಲಿ ಮುವ್ವತ್ತು ಗಂಟೆಗೆ ಎರಡು ಕಡಿಮೆ.

ಅಗೆದ ಮಣ್ಣಿನದೂ ಒಂದು ಪಾಠ. ನೆಲದಲ್ಲಿ ಒತ್ತಿಕೊಂಡಿದ್ದ ಮಣ್ಣು ಮೇಲೆ ಬಂದರೆ ಉಬ್ಬುತ್ತದೆ. ಹೊಂಡದ ಅಂಚಿಗೇ ಸುರಿಸಿದೆ, ಏರಿ ಎತ್ತರವಾಗಿ ಚೆಂದ ಕಾಣುತ್ತದೆಂದು. ಮೇ ತಿಂಗಳ ಎರಡು ಬಿರುಮಳೆಗೆ ಅದರಲ್ಲಿ ಒಂದು ಪಾಲು ಸೀದಾ ಹೊಂಡಕ್ಕೇ ಜಾರಿತು. ಅಂಚಿನಿಂದ ನಾಲ್ಕೈದು ಅಡಿ ಜಾಗ ಬಿಟ್ಟು ಮಣ್ಣು ಹಾಕಬೇಕು ಎಂದು ಆಮೇಲೆ ಎಲ್ಲರೂ ಹೇಳಿದರು. ಮೊದಲು ಹೇಳಿದವರು ಯಾರೂ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಹೇಳಿದವರೊಬ್ಬರಿದ್ದರು.

ಕೆಳಗಿನ ಹೊಲದ ಯಜಮಾನರು ಊರ ವರಸೆಯಲ್ಲಿ ನನಗೆ ದೊಡ್ಡಪ್ಪ. ಎಂಬತ್ತು ದಾಟಿದೆ. ವರಸೆ ಏನೇ ಇರಲಿ, ನನ್ನನ್ನು ಕರೆಯುವುದು ‘ಮೇಷ್ಟ್ರೇ’ ಎಂದೇ. ಗುರುತು ಹಾಕಿದ ದಿನವೇ ಬದುವಿನ ಮೇಲೆ ನಿಂತು, “ಅಲ್ಲ ಮೇಷ್ಟ್ರೇ, ಆ ಮೂಲೆಯಲ್ಲಿ ನಿಮ್ಮ ತಾತ ಹಗೇವು ತೋಡಿಸಿದ್ದರು. ಹಗೇವು ತೋಡಿದ ಜಾಗದಲ್ಲಿ ನೀರು ನಿಲ್ಲುತ್ತದೆಯೇ?” ಎಂದಿದ್ದರು. ಹಗೇವು ಎಂದರೆ ರಾಗಿ ತುಂಬಿಡುತ್ತಿದ್ದ ನೆಲದೊಳಗಿನ ಗುಂಡಿ. ವರ್ಷಗಟ್ಟಲೆ ಕಾಳು ಕೆಡದೆ ಇರಬೇಕಾದರೆ ಥಂಡಿ ಹಿಡಿಯದ, ನೀರು ಬಸಿದು ಹೋಗುವ ಗರಸು ನೆಲವೇ ಬೇಕು. ತಾತ ಹುಡುಕಿ ಹುಡುಕಿ ಹೊಲದಲ್ಲೆಲ್ಲ ಅತ್ಯಂತ ಒಣ ಜಾಗವನ್ನು ಆರಿಸಿದ್ದ. ಮೊಮ್ಮಗ ಅದೇ ಜಾಗದಲ್ಲಿ ನೀರು ನಿಲ್ಲಿಸಲು ಹೊರಟಿದ್ದ. ನನಗೆ ಆ ಮೂಲೆ ಹಿಡಿಸಿದ ಕಾರಣ ಅಲ್ಲಿ ಏನೂ ಬೆಳೆಯುತ್ತಿರಲಿಲ್ಲ ಎಂಬುದೊಂದೇ. ಯಾಕೆ ಬೆಳೆಯುತ್ತಿಲ್ಲ ಎಂದು ಕೇಳಿಕೊಂಡಿರಲಿಲ್ಲ.

ಮಳೆ ಮಾತ್ರ ಆ ವರ್ಷ ಮೋಸ ಮಾಡಲಿಲ್ಲ. ನಮ್ಮದು ವರ್ಷಕ್ಕೆ 600 ಮಿಲಿಮೀಟರ್ ಬಂದರೆ ಒಳ್ಳೆಯ ಮಳೆ ಎನ್ನುವ ಸೀಮೆ. ಹೊಂಡಕ್ಕೆ ನೀರು ಹರಿಯುವ ಮೇಲ್ಭಾಗ ಮೂರು ಎಕರೆ. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಮೂರು ಎಕರೆಯ ಮೇಲೆ 50 ಮಿಲಿಮೀಟರಿನ ಒಂದು ಜಡಿಮಳೆ ಸುರಿಯಿತೆಂದರೆ ಆರು ಲಕ್ಷ ಲೀಟರ್ ಬಿದ್ದಂತಾಯಿತು. ಅದರಲ್ಲಿ ಉತ್ತ ಹೊಲ ಕುಡಿದು ಉಳಿದು ಹರಿದದ್ದು ಐದರಲ್ಲೊಂದು ಪಾಲೆಂದು ಇಟ್ಟುಕೊಂಡರೆ ಲಕ್ಷದ ಇಪ್ಪತ್ತು ಸಾವಿರ. ಅಂಥ ಎಂಟು ಮಳೆ ಬೇಕು ಹೊಂಡ ತುಂಬಲು. ಹಸ್ತ ಮಳೆ ಮುಗಿಯುವಾಗ ತುಂಬಿತು. ಅಂಚಿನವರೆಗೆ ಕೆಂಪು ಚಹಾದಂಥ ನೀರು. ನನ್ನ ಹೆಂಡತಿ ಅರಿಶಿನ ಕುಂಕುಮ ಏರಿಸಿ, ಬಾಗಿನ ಬಿಟ್ಟು ಬಂದಳು. ನಾನು ಫೋಟೊ ತೆಗೆದು ಹಳೆಯ ಶಿಷ್ಯರಿಗೆಲ್ಲ ಕಳಿಸಿದೆ.

ಹದಿನಾಲ್ಕು ದಿನಕ್ಕೆ ನೀರು ಮೂರು ಅಡಿ ಇಳಿಯಿತು.

ಬಿಸಿಲಿಗೆ ಆರಿತು ಎಂದು ಮೊದಲು ಸಮಾಧಾನ ಹೇಳಿಕೊಂಡೆ. ಆದರೆ ವಿಜ್ಞಾನದ ಮೇಷ್ಟ್ರಲ್ಲವೇ, ಪರೀಕ್ಷೆಗೆ ಹಚ್ಚಿದೆ. ಹೊಂಡದೊಳಗೆ ಸೆಂಟಿಮೀಟರ್ ಗುರುತು ಬರೆದ ಬಿದಿರಿನ ಗಳ ನೆಟ್ಟೆ. ಪಕ್ಕದಲ್ಲೇ ಬಿಸಿಲಿಗೆ ಅಲ್ಯೂಮಿನಿಯಂ ಬೋಗುಣಿಯಲ್ಲಿ ನೀರಿಟ್ಟೆ. ಬೋಗುಣಿಯಲ್ಲಿ ಇಳಿದಷ್ಟು ಆವಿಯ ಪಾಲು, ಉಳಿದದ್ದು ಇಂಗಿದ್ದು ಎಂದು ಲೆಕ್ಕ. ಎರಡೇ ದಿನಕ್ಕೆ ಬೋಗುಣಿಯ ನೀರು ನಾಲ್ಕು ಬೆರಳು ಇಳಿದಿತ್ತು. ಗಾಬರಿಯಾಗಿ ಮರೆಯಲ್ಲಿ ಕೂತು ನೋಡಿದರೆ ಕಾಗೆಗಳು ಸಾಲಾಗಿ ಬಂದು ಕುಡಿಯುತ್ತಿದ್ದವು. ಹೂಜಿಗೆ ಕಲ್ಲು ಹಾಕಿ ನೀರು ಮೇಲೆ ತಂದ ಕಾಗೆಯ ಕಥೆ ಹೇಳಿದ ನನಗೆ ಆ ಜಾತಿ ಹೀಗೆ ತಿರುಗಿ ಕೊಟ್ಟಿತು. ಬೋಗುಣಿಯ ಮೇಲೆ ಬಲೆ ಕಟ್ಟಿ ಮತ್ತೆ ಅಳೆದೆ. ಎರಡು ವಾರಕ್ಕೆ ಬೋಗುಣಿ ಇಳಿದದ್ದು ಆರು ಸೆಂಟಿಮೀಟರ್, ಹೊಂಡ ಇಳಿದದ್ದು ಅದರ ಹತ್ತು ಪಟ್ಟಿಗೂ ಮೇಲೆ. ಗರಸಿನ ನೆಲ ಮೂರು ಲಕ್ಷ ಲೀಟರಿಗೂ ಹೆಚ್ಚನ್ನು ಸದ್ದಿಲ್ಲದೆ ಕುಡಿದು ಹಾಕಿತ್ತು.

ಆ ನೀರು ಎಲ್ಲಿ ಹೋಯಿತು ಎಂದು ತಿಳಿದದ್ದು ಕಾರ್ತಿಕದಲ್ಲಿ. ದೊಡ್ಡಪ್ಪನವರ ಹೊಲದಲ್ಲಿ ನಲವತ್ತು ಅಡಿಯ ಒಂದು ಕಲ್ಲುಕಟ್ಟಡದ ಸೇದುವ ಬಾವಿ ಇದೆ. ಹದಿನಾರು ಹದಿನೇಳು ವರ್ಷದಿಂದ ಅದರಲ್ಲಿ ಪಾರಿವಾಳಗಳು ಮಾತ್ರ ಇದ್ದವು. ಒಂದು ಬೆಳಿಗ್ಗೆ ಅವರು ನಮ್ಮ ಅಂಗಳಕ್ಕೇ ಬಂದು, ಕಟ್ಟೆಯ ಮೇಲೆ ಕೂತು, ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು, “ಮೇಷ್ಟ್ರೇ, ನೀವು ಹೊಂಡ ತೆಗೆಸಿದ್ದು ನನಗೆ” ಎಂದರು. ಹೋಗಿ ನೋಡಿದರೆ ಬಾವಿಯ ತಳದಲ್ಲಿ ಎರಡಾಳು ನೀರು. ಗೋಡೆಯ ಮೇಲ್ಗಡೆಯಿಂದ, ನಮ್ಮ ಹೊಲದ ದಿಕ್ಕಿನಿಂದಲೇ, ಕಲ್ಲಿನ ಸಂದಿಯಲ್ಲಿ ಬೆರಳು ಗಾತ್ರದ ಒರತೆ.

ಸಂತೋಷಪಡಬೇಕಿತ್ತು. ನನಗೆ ಉರಿದದ್ದೇ ಹೆಚ್ಚು. ದುಡ್ಡು ನನ್ನದು, ಗರಸು ನನ್ನದು, ನೀರು ಅವರದು!

ಆ ಬೇಸಿಗೆ ಪೂರ್ತಿ ಸೋರಿಕೆ ನಿಲ್ಲಿಸುವುದೇ ನನ್ನ ಕಸುಬಾಯಿತು. ಕೆರೆಯ ಗೋಡು ಮಣ್ಣನ್ನು ಹದಿನೆಂಟು ಟ್ರ್ಯಾಕ್ಟರ್ ಲೋಡು ತರಿಸಿ ತಳಕ್ಕೆ ಹಾಸಿದೆ. ಹಾಸಿದರೆ ಸಾಲದು, ನೀರು ಚಿಮುಕಿಸಿ ತುಳಿಸಬೇಕು. ಕುರಿಯವರನ್ನು ಕರೆಸಿ ಎರಡು ರಾತ್ರಿ ಮಂದೆ ನಿಲ್ಲಿಸಿದೆ. ಸಾವಿರಾರು ಗೊರಸುಗಳು ನಾದಿದ ಕೆಸರು ಗಟ್ಟಿ ಹಲಗೆಯಂತಾಗುತ್ತದೆ ಎಂಬುದು ನಿಜ. ಕುರಿ ಓರೆಯ ಮೇಲೆ ಹತ್ತಿ ತುಳಿಯುವುದಿಲ್ಲ ಎಂಬುದೂ ಅಷ್ಟೇ ನಿಜ. ಮುಂದಿನ ಮಳೆಗಾಲ ತಳದಲ್ಲಿ ನಿಂತ ನೀರು ಬದಿಗಳಲ್ಲಿ ಹೋಯಿತು. ಸೋರಿಕೆ ಅರ್ಧಕ್ಕೆ ಇಳಿಯಿತು, ಅಷ್ಟೇ.

ಡೀಸೆಲ್ ಪಂಪಿನ ಕಥೆ ನಡೆದದ್ದು ಇದೇ ದಿನಗಳಲ್ಲಿ. ಐದು ಅಶ್ವಶಕ್ತಿಯ ಹಳೆಯ ಎಂಜಿನ್ನು, ಹ್ಯಾಂಡಲ್ ಹಾಕಿ ತಿರುಗಿಸುವಂಥದ್ದು. ಪಂಪಿನ ಶಾಫ್ಟು ಹೊರಬರುವ ಕಡೆ ಗ್ಲ್ಯಾಂಡ್ ಇರುತ್ತದೆ. ಒಳಗೆ ಎಣ್ಣೆ ಹಚ್ಚಿದ ಚೌಕಾಕಾರದ ದಾರವನ್ನು ಸುರುಳಿ ಸುತ್ತಿ, ಹೊರಗಿನಿಂದ ಎರಡು ನಟ್ಟುಗಳಿಂದ ಒತ್ತಿರುತ್ತಾರೆ. ಅಲ್ಲಿಂದ ನೀರು ತೊಟ್ಟಿಕ್ಕುತ್ತಿತ್ತು. ಸೋರಿಕೆ ಎಂದರೆ ಸಾಕು, ನನಗೆ ಮೈಯೆಲ್ಲ ಕಣ್ಣಾಗಿದ್ದ ಕಾಲ. ಸ್ಪ್ಯಾನರ್ ಹಾಕಿ ಎರಡೂ ನಟ್ಟನ್ನು ಬಿಗಿದೆ. ತೊಟ್ಟು ನಿಂತಿತು. ಇನ್ನೊಂದು ಸುತ್ತು ಬಿಗಿದೆ, ಇರಲಿ ಎಂದು. ಅರ್ಧ ಗಂಟೆಯಲ್ಲಿ ಸುಟ್ಟ ಹಗ್ಗದ ವಾಸನೆ ಬಂತು. ಎಂಜಿನ್ ಕಪ್ಪು ಹೊಗೆ ಕಾರಿ ನಿಂತಿತು. ಶಾಫ್ಟು ಮುಟ್ಟಿದರೆ ಬೆರಳು ಅಂಟಿಕೊಳ್ಳುವಷ್ಟು ಬಿಸಿ.

ಪೇಟೆಯ ಮೆಕ್ಯಾನಿಕ್ ಬಿಚ್ಚಿ ತೋರಿಸಿದರು. ಶಾಫ್ಟಿನ ಮೇಲೆ ದಾರ ಕೂರುವ ಜಾಗ ಉಗುರು ಸಿಕ್ಕಿಕೊಳ್ಳುವಂತೆ ಗೀರುಬಿದ್ದಿತ್ತು. “ಯಾರು ಸಾರ್ ಇಷ್ಟು ಬಿಗಿದದ್ದು?” ಎಂದು ಕೇಳಿದರು. ಆಳು ಬಿಗಿದ ಎಂದು ಹೇಳಿದೆ, ಇಲ್ಲಿ ಒಪ್ಪಿಕೊಳ್ಳುತ್ತಿದ್ದೇನೆ. “ಗ್ಲ್ಯಾಂಡ್ ತೊಟ್ಟಿಕ್ಕಬೇಕು ಸಾರ್. ಆ ತೊಟ್ಟೇ ಅದಕ್ಕೆ ಎಣ್ಣೆ, ಅದೇ ಅದಕ್ಕೆ ತಂಪು. ಗಡಿಯಾರದ ಟಿಕ್ಕು ಟಿಕ್ಕು ಇರುತ್ತದಲ್ಲ, ಹಾಗೆ ಬೀಳುತ್ತಿರಬೇಕು. ಧಾರೆಯಾದರೆ ಬಿಗಿಯಿರಿ, ನಿಂತರೆ ಸಡಿಲಿಸಿ.” ಹಳೆಯ ದಾರವನ್ನು ಕೊಕ್ಕೆ ಸೂಜಿಯಿಂದ ಕಿತ್ತು ತೆಗೆದರು. ಹೊಸ ದಾರವನ್ನು ಒಂದೇ ಸುರುಳಿಯಾಗಿ ಸುತ್ತದೆ, ಶಾಫ್ಟಿನ ಸುತ್ತಳತೆಗೆ ಸರಿಯಾಗಿ ಓರೆಯಾಗಿ ಕತ್ತರಿಸಿದ ಬಳೆಗಳನ್ನಾಗಿ ಮಾಡಿ, ಒಂದರ ಬಾಯಿ ಇನ್ನೊಂದರ ಬಾಯಿಗೆ ಎದುರಾಗದಂತೆ ಸರಿಸಿ ಸರಿಸಿ ಕೂರಿಸಿದರು. ಅವರ ಕೈಯ ಚಲನೆ ನೋಡುತ್ತ ನಾನು ಸುಮ್ಮನೆ ನಿಂತಿದ್ದೆ. ನಟ್ಟನ್ನು ಕೈಬೆರಳಲ್ಲೇ ತಿರುಗಿಸಿ ಬಿಟ್ಟರು, ಸ್ಪ್ಯಾನರ್ ಮುಟ್ಟಲಿಲ್ಲ.

ಮನೆಗೆ ಬರುವಾಗ ಬಸ್ಸಿನಲ್ಲಿ ಕೂತು ಯೋಚಿಸಿದ್ದು ಪಂಪಿನ ಬಗ್ಗೆ ಅಲ್ಲ. ಹೊಂಡದ ಬಗ್ಗೆ.

ಹೊಂಡಕ್ಕೆ ಪ್ಲಾಸ್ಟಿಕ್ ಹಾಸಬೇಕೇ ಬೇಡವೇ ಎಂಬುದು ನಮ್ಮ ಕಡೆ ಇನ್ನೂ ಮುಗಿಯದ ಜಗಳ. 2014ರಲ್ಲಿ ಕೃಷಿಭಾಗ್ಯ ಯೋಜನೆ ಬಂದ ಮೇಲೆ ‘ಕೃಷಿಹೊಂಡ’ ಎಂಬ ಶಬ್ದ ಬಯಲುಸೀಮೆಯ ಮನೆಮನೆಗೂ ಮುಟ್ಟಿತು. ಹೊಂಡ, ಅದಕ್ಕೆ ಹಾಸುವ ಹಾಳೆ, ನೀರೆತ್ತುವ ಪಂಪು, ತುಂತುರು ಅಥವಾ ಹನಿ ನೀರಾವರಿ ಎಲ್ಲ ಒಟ್ಟಿಗೆ ಸಹಾಯಧನದಲ್ಲಿ. ಮಳೆ ಕೈಕೊಟ್ಟಾಗ ಬೆಳೆಗೆ ಒಂದೆರಡು ತಂಬಿಗೆ ನೀರು ಕುಡಿಸಬೇಕೆಂದರೆ ಹಾಳೆ ಬೇಕೇ ಬೇಕು ಎನ್ನುವವರು ಒಂದು ಕಡೆ. ಹಾಳೆ ಹಾಸಿದ ಹೊಂಡ ಬರೀ ತೊಟ್ಟಿ, ಭೂಮಿಗೆ ಒಂದು ಹನಿಯನ್ನೂ ಕೊಡುವುದಿಲ್ಲ ಎನ್ನುವವರು ಇನ್ನೊಂದು ಕಡೆ. ಮಳವಳ್ಳಿ ತಾಲ್ಲೂಕಿನ ದಾಸನದೊಡ್ಡಿಯ ಕುರಿಗಾಹಿ ಕಾಮೇಗೌಡರು ಕುಂದಿನಿಬೆಟ್ಟದಲ್ಲಿ ಕಟ್ಟೆಯ ಮೇಲೆ ಕಟ್ಟೆ ತೋಡಿಸುತ್ತ ಹೋದದ್ದು ಎಲ್ಲರಿಗೂ ಗೊತ್ತು. ಅವರ ಯಾವ ಕಟ್ಟೆಗೂ ಹಾಳೆ ಇರಲಿಲ್ಲ. ಅವರು ಅಗೆದದ್ದು ತೋಟಕ್ಕಲ್ಲ, ಬೆಟ್ಟದ ಪ್ರಾಣಿ ಪಕ್ಷಿಗಳಿಗೆ. 2022ರಲ್ಲಿ ಅವರು ತೀರಿಕೊಂಡ ಸುದ್ದಿ ಓದಿದಾಗ ನನಗೆ ನನ್ನ ಹದಿಮೂರು ಲಕ್ಷದ ಲೆಕ್ಕ ನೆನಪಾಗಿ ನಾಚಿಕೆಯಾಯಿತು. ಹಾಗೆಂದು ನನಗೆ ದಾಳಿಂಬೆ ಗಿಡಗಳಿರಲಿಲ್ಲ ಎಂದೇನೂ ಅಲ್ಲ. ನೂರಾ ಎಂಬತ್ತು ಗಿಡ, ಬೇಸಿಗೆಯಲ್ಲಿ ಅವಕ್ಕೆ ತತ್ತ್ವ ಹೇಳಿದರೆ ಕಾಯಿ ಕಚ್ಚುವುದಿಲ್ಲ.

ಕೊನೆಗೆ ದೊಡ್ಡ ಹೊಂಡವನ್ನು ಗರಸಿಗೇ ಬಿಟ್ಟುಕೊಟ್ಟೆ. 2021ರಲ್ಲಿ ಮನೆಯ ಹತ್ತಿರ ಚಿಕ್ಕದೊಂದು ತೆಗೆಸಿದೆ. 12 ಮೀಟರ್ ಚೌಕ, ಅದೇ 3 ಮೀಟರ್ ಆಳ. ಹಿಡಿಯುವುದು ಎರಡೂವರೆ ಲಕ್ಷ ಲೀಟರ್. ಈ ಸಲ ಮೂರು ಬಾರಿ ಲೆಕ್ಕ ಹಾಕಿ, ಮಗಳಿಂದಲೂ ಹಾಕಿಸಿದೆ. ಹಾಳೆಯ ಅಳತೆಯಲ್ಲೂ ಇದೇ ಬಲೆ ಇದೆ. ಮೇಲಿನ ಬಾಯಿ 12 ಎಂದು 12ರ ಹಾಳೆ ತಂದರೆ ತಳ ಮುಟ್ಟುವುದಿಲ್ಲ. ಓರೆಯ ಉದ್ದ ಕರ್ಣದ ಲೆಕ್ಕದಲ್ಲಿ ನಾಲ್ಕೂಕಾಲು ಮೀಟರ್, ಎರಡು ಕಡೆಗೆ ಎಂಟೂವರೆ, ತಳ ಆರು, ಅಂಚಿನ ಕಾಲುವೆಯಲ್ಲಿ ಹೂಳಲು ಎರಡೂ ಕಡೆ ಒಂದೊಂದು. ಹದಿನಾರೂವರೆ ಮೀಟರ್ ಚೌಕದ ಹಾಳೆ ಬೇಕು. ಹಾಸಿದ್ದು ಬೆಳಗಿನ ಜಾವ, ತಂಪು ಹೊತ್ತಿನಲ್ಲಿ. ಬಿಸಿಲೇರಿದ ಮೇಲೆ ಹಾಳೆ ಹಿಗ್ಗಿರುತ್ತದೆ; ಆಗ ಬಿಗಿಯಾಗಿ ಎಳೆದು ಹೂತರೆ ರಾತ್ರಿಯ ಚಳಿಗೆ ಸೆಟೆದು ಬೆಸುಗೆ ಬಿಡುತ್ತದೆ. ಅದಕ್ಕೂ ಮೊದಲು ನಾನೂ ಹೆಂಡತಿಯೂ ಮೊಣಕಾಲೂರಿ ಓರೆಯ ಪೂರ್ತಿ ಅಂಗೈ ಆಡಿಸಿ ಚೂಪುಗಲ್ಲು, ಬೇರಿನ ಮೊನೆ ಆರಿಸಿದೆವು. ಅಕ್ಕಿ ಆರಿಸಿದ ಹಾಗೆಯೇ, ಎರಡು ದಿನ. ಅವಳು ಆರಿಸಿದ ಕಡೆ ಇವತ್ತಿಗೂ ಒಂದು ತೂತಿಲ್ಲ. ನನ್ನ ಕಡೆಯ ವಿಷಯ ಬಿಡಿ.

ಹಾಳೆಯ ಹೊಂಡದಲ್ಲಿ ನೀರು ನಿಲ್ಲುತ್ತದೆ, ನಿಜ; ಅದರ ಜೊತೆಗೆ ಭಯವೂ ಬಂದು ನಿಲ್ಲುತ್ತದೆ. ಆ ಓರೆಯ ಮೇಲೆ ಪಾಚಿ ಕಟ್ಟಿದ ಮೇಲೆ ಇಳಿದವರು ಹತ್ತಲಾರರು. ಪ್ರತಿ ಬೇಸಿಗೆ ರಜೆಯಲ್ಲೂ ಎಲ್ಲಾದರೊಂದು ಕಡೆ ಮಕ್ಕಳು ಕೃಷಿಹೊಂಡಕ್ಕೆ ಬಿದ್ದ ಸುದ್ದಿ ಪತ್ರಿಕೆಯಲ್ಲಿ ಬರುತ್ತದೆ. ಬಹಳ ಸಲ ಒಬ್ಬರನ್ನು ಎತ್ತಲು ಹೋಗಿ ಇನ್ನೊಬ್ಬರು. ನಾನು ಬೇಲಿಯನ್ನು ‘ಮುಂದಿನ ತಿಂಗಳು’ ಎಂದು ಮುಂದೂಡುತ್ತಿದ್ದೆ. ಒಂದು ಬೆಳಿಗ್ಗೆ ನಮ್ಮ ನಾಯಿ ಕರಿಯ ಕಾಣಲಿಲ್ಲ. ಕೂಗಿದರೆ ಹೊಂಡದ ಕಡೆಯಿಂದ ಕುಂಯ್ ಎಂಬ ಸದ್ದು. ಮೂತಿಯಷ್ಟೇ ನೀರಿನ ಮೇಲೆ, ಮುಂಗಾಲೆರಡೂ ಹಾಳೆಯನ್ನು ಕೆರೆಯುತ್ತಿವೆ, ಕೆರೆದಷ್ಟೂ ಹಿಂದಕ್ಕೆ ಜಾರುತ್ತಿದೆ. ಕಣ್ಣು ಮಾತ್ರ ನನ್ನ ಮೇಲೆ. ಏಣಿಗೆ ಗೋಣಿಚೀಲ ಸುತ್ತಿ ಇಳಿಬಿಟ್ಟೆ. ಹತ್ತಿ ಬಂದು ಮೈ ಕೊಡವಿ, ನನ್ನ ಪಾದದ ಮೇಲೆ ಮಲಗಿಬಿಟ್ಟಿತು. ಅದೇ ದಿನ ಕಲ್ಲುಕಂಬ ತರಲು ಹೋದೆ. ಬೇಲಿಯಾಯಿತು, ಬೀಗದ ಗೇಟಾಯಿತು, ನಾಲ್ಕೂ ಬದಿಗೆ ಗಂಟು ಹಾಕಿದ ದಪ್ಪ ಹಗ್ಗ ಇಳಿಬಿಟ್ಟು ತುದಿಗೆ ಲಾರಿಯ ಹಳೆಯ ಟ್ಯೂಬು ಕಟ್ಟಿದ್ದಾಯಿತು. ಕರಿಯ ಹಾಳೆಯಲ್ಲಿ ಮಾಡಿದ ತೂತು ಹನ್ನೊಂದು. ತೇಪೆ ಹಾಕುವಾಗ ಎಣಿಸಿದೆ.

ಉಳಿದ ಯಂತ್ರಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ, ಹೇಳಿದಷ್ಟೂ ನನ್ನ ಮಾನ ಹೋಗುತ್ತದೆ. ಕಳೆ ಕೊಚ್ಚುವ ಯಂತ್ರದಲ್ಲಿ ಎಣ್ಣೆ ಬೆರೆಸಿದ ಪೆಟ್ರೋಲು ಹಾಗೇ ಬಿಟ್ಟು ನಾಲ್ಕು ತಿಂಗಳಾದ ಮೇಲೆ ತೆಗೆದರೆ ಕಾರ್ಬ್ಯುರೇಟರಿನೊಳಗೆ ಅಂಟು. ಈಗ ಕೆಲಸ ಮುಗಿದ ದಿನವೇ ಟ್ಯಾಂಕು ಬಸಿದು, ಒಳಗಿದ್ದದ್ದು ಮುಗಿದು ತಾನಾಗಿ ನಿಲ್ಲುವವರೆಗೆ ಓಡಿಸಿ ಇಡುತ್ತೇನೆ. ಬೋರ್‌ವೆಲ್ಲಿನ ಸ್ಟಾರ್ಟರ್ ಪೆಟ್ಟಿಗೆಯಲ್ಲಿ ಹಲ್ಲಿ ಸೇರಿಕೊಂಡು, ಸಂಪರ್ಕ ಕೂಡುವ ಕಡೆಯೇ ಸತ್ತು, ಮೋಟಾರು ಸುಡುವುದರಲ್ಲಿತ್ತು. ಕೇಬಲ್ ಒಳಹೋಗುವ ತೂತಿಗೆ ತೆಂಗಿನ ನಾರು ತುರುಕಿ ಮೇಣ ಮೆತ್ತಿದ್ದೇನೆ. ಗುದ್ದಲಿಯ ಕಾವು ಬೇಸಿಗೆಯಲ್ಲಿ ಒಣಗಿ ಸಡಿಲವಾದರೆ ಹಿಂದಿನ ರಾತ್ರಿ ನೀರಿನಲ್ಲಿ ಅದ್ದಿಟ್ಟರೆ ಮರ ಉಬ್ಬಿ ಕಚ್ಚಿಕೊಳ್ಳುತ್ತದೆ. ಇದು ಮಾತ್ರ ಯಾರೂ ಕಲಿಸದೆ ಗೊತ್ತಿತ್ತು, ಅಪ್ಪ ಮಾಡುತ್ತಿದ್ದರು.

ಡೀಸೆಲ್ ಎಂಜಿನ್ನಿನ ಗಾಳಿ ಬಿಡಿಸುವುದು ಮಾತ್ರ ನನಗೆ ಇಷ್ಟದ ಕೆಲಸವಾಗಿಬಿಟ್ಟಿದೆ. ಟ್ಯಾಂಕು ಒಮ್ಮೆ ಪೂರ್ತಿ ಬರಿದಾದರೆ ಕೊಳವೆಯಲ್ಲಿ ಗಾಳಿ ಸೇರುತ್ತದೆ. ಆಮೇಲೆ ಡೀಸೆಲ್ ತುಂಬಿ ಎಷ್ಟು ತಿರುಗಿಸಿದರೂ ಹತ್ತುವುದಿಲ್ಲ. ಫಿಲ್ಟರಿನ ತಿರುಪು ಸಡಿಲಿಸಿದರೆ ನೊರೆನೊರೆಯಾಗಿ ಬರುತ್ತದೆ. ಗುಳ್ಳೆ ನಿಂತು ಗಟ್ಟಿ ಧಾರೆಯಾದಾಗ ಬಿಗಿಯಬೇಕು. ಮುಂದಿನ ತಿರುಪು, ಮತ್ತೆ ಹಾಗೆಯೇ. ಕೊನೆಗೆ ಸಿಲಿಂಡರಿನ ಒತ್ತಡ ಬಿಡಿಸುವ ಲಿವರ್ ಎತ್ತಿ ಹಿಡಿದು ಹ್ಯಾಂಡಲ್ ತಿರುಗಿಸುತ್ತ ಕಿವಿ ಕೊಡಬೇಕು. ಇಂಜೆಕ್ಟರು ‘ಕೀಚ್’ ಎನ್ನುತ್ತದೆ. ಆ ಸದ್ದು ಬಂದರೆ ಲಿವರ್ ಬಿಡಬಹುದು, ಎಂಜಿನ್ ಹತ್ತಿತೆಂದೇ ಲೆಕ್ಕ. ಬರದಿದ್ದರೆ ಮೊದಲಿನಿಂದ. ಪಂಪ್‌ಮನೆಯ ಬಾಗಿಲಿನ ಹಿಂದೆ ಎಣ್ಣೆ ಬದಲಿಸಿದ ತಾರೀಕನ್ನು ಸೀಮೆಸುಣ್ಣದಲ್ಲಿ ಬರೆದಿಡುತ್ತೇನೆ. ಹಳೆಯ ಚಟ.

2022 ಮಳೆಯ ವರ್ಷ. ಸೆಪ್ಟೆಂಬರಿನಲ್ಲಿ ಮಾರಿಕಣಿವೆಯ ವಾಣಿವಿಲಾಸ ಸಾಗರ 1933ರ ನಂತರ ಮೊದಲ ಸಲ ಕೋಡಿ ಬಿತ್ತು. ಎಂಬತ್ತೊಂಬತ್ತು ವರ್ಷ! ಜನ ಬುತ್ತಿ ಕಟ್ಟಿಕೊಂಡು ನೋಡಲು ಹೋದರು. ನಾನೂ ಹೋದೆ. ದೊಡ್ಡಪ್ಪನವರು, “ನಮ್ಮಪ್ಪ ಹಿಂದಿನ ಕೋಡಿ ನೋಡಿದ್ದರು, ಅದನ್ನೇ ಹೇಳಿ ಹೇಳಿ ನಮ್ಮ ತಲೆ ತಿನ್ನುತ್ತಿದ್ದರು, ಈಗ ನನ್ನ ಸರದಿ” ಎಂದರು. ಸಂಜೆ ಮನೆಗೆ ಬಂದರೆ ನನ್ನ ದೊಡ್ಡ ಹೊಂಡವೂ ಕೋಡಿ ಬಿದ್ದಿತ್ತು. ಕೋಡಿಗೆ ಕಲ್ಲು ಹಾಸಬೇಕು ಎಂದು ಮೂರು ವರ್ಷದಿಂದ ಅಂದುಕೊಂಡದ್ದಷ್ಟೇ. ಹರಿದ ನೀರು ಏರಿಯನ್ನು ಕೊರೆದು ಎತ್ತಿನಗಾಡಿ ಹೋಗುವಷ್ಟು ಅಗಲದ ಬಾಯಿ ತೆರೆದಿತ್ತು. ಸಾವೆಯ ಮೇಲೆಲ್ಲ ಗರಸು ಹರಡಿತ್ತು. ಸಾವೆ ದೊಡ್ಡಪ್ಪನವರದು. ಅವರು ಏನೂ ಅನ್ನಲಿಲ್ಲ, ಅಂದಿದ್ದರೆ ಚೆನ್ನಾಗಿತ್ತು. ಕಲ್ಲು ಕಟ್ಟಿಸಿದೆ, ಕೋಡಿಗೂ ಅವರ ಬದುವಿಗೂ. ನೀರು ಒಳಬರುವ ಕಡೆ ಹೂಳು ತಡೆಯಲು ಒಂದು ಚಿಕ್ಕ ಗುಂಡಿಯನ್ನೂ ತೋಡಿಸಿದೆ. ವರ್ಷಕ್ಕೊಮ್ಮೆ ಅದರ ಹೂಳನ್ನು ನಾನೇ ಬಾಂಡ್ಲಿಯಲ್ಲಿ ಎತ್ತಿ ಗಿಡಗಳ ಬುಡಕ್ಕೆ ಹಾಕುತ್ತೇನೆ.

ಮರುವರ್ಷವೇ ಬರ. ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತ ಎಂದು ಸಾರಿದ ವರ್ಷ ಅದು. ದೊಡ್ಡ ಹೊಂಡಕ್ಕೆ ಮೊಣಕಾಲುದ್ದ ನೀರು ಬಂದು ವಾರದಲ್ಲಿ ಇಂಗಿತು. ಹಾಳೆಯ ಹೊಂಡ ಅರ್ಧ ತುಂಬಿತು. ದಾಳಿಂಬೆಗೆ ಹನಿ ಬಿಟ್ಟು, ದಿನ ಬಿಟ್ಟು ದಿನ ಫಿಲ್ಟರಿನ ಪಾಚಿ ತೊಳೆದು, ಫೆಬ್ರವರಿಯವರೆಗೆ ಎಳೆದೆ. ಬೋರ್‌ವೆಲ್ ಡಿಸೆಂಬರಿನಲ್ಲೇ ಗಾಳಿ ಉಗುಳಿತ್ತು. ಮಾರ್ಚಿಯ ಮೊದಲ ವಾರ ಹೊಂಡದ ತಳದಲ್ಲಿ ಹಾಳೆಯ ಸುಕ್ಕುಗಳು ಕಂಡವು.

ಎರಡು ದಿನ ಬಿಟ್ಟು ದೊಡ್ಡಪ್ಪನವರು ಬಂದರು. ಅದೇ ಕಟ್ಟೆ, ಅದೇ ಎಲೆ ಅಡಿಕೆ. “ಬಾವಿಯಲ್ಲಿ ಇನ್ನೂ ಒಂದಾಳು ಇದೆ. ಹಸುಗಳಿಗೆ ಎಷ್ಟು ಬೇಕು? ಪಂಪು ತಂದು ಇಳಿಸಿ” ಎಂದರು. ನಾನು ಬಾಯಿ ತೆರೆಯುವ ಮುಂಚೆ, “ಅದು ನಿಮ್ಮ ಗರಸಿನ ನೀರೇ ಅಲ್ಲವೇ” ಎಂದು ಎದ್ದು ಹೊರಟರು.

ಪಂಪನ್ನು ಬಾವಿಯ ಬಾಯಿಂದ ಹದಿನೈದು ಅಡಿ ಕೆಳಗೆ, ಹಳೆಯ ಕಪಿಲೆಯ ಕಾಲದ ಕಲ್ಲು ಚಾಚಿನ ಮೇಲೆ ಕೂರಿಸಿದೆವು. ಫುಟ್‌ವಾಲ್ವ್ ತೊಳೆದು ಇಳಿಬಿಟ್ಟು, ಪೈಪಿಗೆ ಕೊಡದಿಂದ ನೀರು ತುಂಬಿ, ಗಾಳಿ ಬಿಡಿಸಿ, ಹ್ಯಾಂಡಲ್ ಹಾಕಿದೆ. ಮೂರನೆಯ ಸಲಕ್ಕೆ ‘ಕೀಚ್’ ಎಂದಿತು. ನೀರು ಮೇಲೆ, ನಮ್ಮ ಹೊಲದ ಕಡೆಗೆ ಏರಿತು. ದೊಡ್ಡಪ್ಪನವರು ಮೇಲಿನಿಂದ ಬಗ್ಗಿ ನೋಡುತ್ತಿದ್ದರು. ವಯಸ್ಸಾದರೂ ಕಣ್ಣು ಚುರುಕು.

“ಮೇಷ್ಟ್ರೇ, ಅಲ್ಲಿ ತೊಟ್ಟಿಕ್ಕುತ್ತಿದೆಯಲ್ಲ, ಬಿಗಿಯಬಾರದೇ?”

ಇಷ್ಟು ಎತ್ತರಕ್ಕೆ ಎಂಜಿನ್ನಿನ ಸದ್ದಿನಲ್ಲಿ ಏನು ಹೇಳಿದರೂ ಕೇಳಿಸುತ್ತಿರಲಿಲ್ಲ. ಕೈ ಆಡಿಸಿ ಇರಲಿ ಎಂದೆ. ಅವರು ತಲೆ ಅಲ್ಲಾಡಿಸಿಕೊಂಡು, ಮೇಷ್ಟ್ರಿಗೆ ಇದೂ ಬರುವುದಿಲ್ಲ ಎಂಬಂತೆ, ಹಸುಗಳ ಕಡೆ ಹೋದರು.